ಸೇಂಟ್ ಮೇರೀಸ್ ದ್ವೀಪವೂ ಮಡಗಾಸ್ಕರವೂ ಒಂದೇ ನೆಲವಾಗಿದ್ದವು ಎನ್ನಲು ಪುರಾವೆ ಎಷ್ಟು ಗಟ್ಟಿ?

ಪ್ರಶ್ನೆ: ಕುಂದಾಪುರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ಡಿಸೆಂಬರಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ, ನಮ್ಮ ಕಡೆಯವರು ತೋನ್ಸೆಪಾರ್ ಎನ್ನುವ ಜಾಗಕ್ಕೆ, ಕರೆದುಕೊಂಡು ಹೋಗಿದ್ದೆ. ಸಾಲಾಗಿ ನಿಲ್ಲಿಸಿದಂತಿರುವ ಆ ಆರು ಮೂಲೆಯ ಕಲ್ಲಿನ ಕಂಬಗಳನ್ನು ತೋರಿಸಿ, ಈ ಜಾಗ ಹಿಂದೆ ಆಫ್ರಿಕಾದ ಪಕ್ಕದ ಮಡಗಾಸ್ಕರಕ್ಕೆ ಅಂಟಿಕೊಂಡಿತ್ತು ಎಂದು ಪುಸ್ತಕದಲ್ಲಿ ಓದಿದ್ದನ್ನೇ ಹೇಳಿದೆ. ಆಗ ಒಬ್ಬ ಹುಡುಗ, ಅವನ ತಂದೆ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವವರು, ಹೀಗೆ ಕೇಳಿದ: "ಟೀಚರ್, ಹೆಂಚು ಒಡೆದರೆ ಎರಡು ತುಂಡುಗಳನ್ನು ಕೂಡಿಸಿ ನೋಡಬಹುದು. ಇದನ್ನು ಯಾರು ಕೂಡಿಸಿ ನೋಡಿದ್ದಾರೆ?"

ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಎರಡೂ ಕಡೆ ಒಂದೇ ಬಗೆಯ ಕಲ್ಲು ಸಿಗುತ್ತದೆ ಎಂದೆ. ಒಂದೇ ಬಗೆಯ ಕಲ್ಲು ನೂರು ಕಡೆ ಸಿಗುತ್ತದಲ್ಲವೇ ಎಂದು ಇನ್ನೊಬ್ಬಳು ಕೇಳಿದಳು, ಅವಳ ಮಾತೂ ಸರಿಯೇ ಆಗಿತ್ತು. ಇದರ ಜೊತೆಗೆ, ಹಿಂದೂ ಮಹಾಸಾಗರದಲ್ಲಿ ಲೆಮೂರಿಯಾ ಎಂಬ ಭೂಖಂಡವೇ ಮುಳುಗಿಹೋಗಿದೆ ಎಂಬ ಸಂದೇಶವೊಂದು ಮಕ್ಕಳ ಮನೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮಡಗಾಸ್ಕರದ ಸಂಬಂಧಕ್ಕೆ ನಿಜವಾದ ಪುರಾವೆ ಏನು, ಅದರಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಭೂವಿಜ್ಞಾನಿ, ಧಾರವಾಡ

ಮೇಡಂ, ನಿಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಯಲ್ಲಿಯೇ ಉತ್ತರದ ದಾರಿಯೂ ಇದೆ. ಒಡೆದ ಎರಡು ತುಂಡುಗಳು ಒಂದೇ ಹೆಂಚಿನವು ಎಂದು ನಾವು ಹೇಗೆ ನಿರ್ಧರಿಸುತ್ತೇವೆ? ಎರಡರ ಬಣ್ಣವೂ ಕೆಂಪು ಎಂಬುದರಿಂದಲ್ಲ, ಮಂಗಳೂರು ಹೆಂಚುಗಳೆಲ್ಲವೂ ಕೆಂಪೇ. ಹೆಂಚಿನ ಬೆನ್ನ ಮೇಲೆ ಒತ್ತಿದ ಅಚ್ಚಿನ ಅಕ್ಷರಗಳು ಒಂದು ತುಂಡಿನಲ್ಲಿ ಅರ್ಧಕ್ಕೆ ನಿಂತು ಇನ್ನೊಂದರಲ್ಲಿ ಮುಂದುವರಿದರೆ, ಒಡಕಿನ ಅಂಚುಗಳು ಒಂದಕ್ಕೊಂದು ಕೂಡಿದರೆ, ಆಗ ನಂಬುತ್ತೇವೆ. ಭಾರತ ಮತ್ತು ಮಡಗಾಸ್ಕರದ ವಿಷಯದಲ್ಲಿಯೂ ಅಚ್ಚು ಬೇರೆ, ಒಡಕು ಬೇರೆ. ನೀವು ಮಕ್ಕಳಿಗೆ ತೋರಿಸಿದ ಕಂಬಗಳು ಒಡಕಿಗೆ ಸೇರಿದವು. ಅಚ್ಚು ಅದಕ್ಕಿಂತ ಎಷ್ಟೋ ಹಳೆಯದು.

ಮೊದಲು ಒಡಕಿನ ವಿಚಾರ. ದ್ವೀಪದ ಕಂಬಗಳನ್ನು ಬಸಾಲ್ಟ್ ಎಂದು ಬಹಳ ಕಡೆ ಬರೆಯುತ್ತಾರೆ, ದಖ್ಖನ್ ಲಾವಾದ ಭಾಗವೆಂದೂ ಹೇಳುವವರಿದ್ದಾರೆ. ಎರಡೂ ತಪ್ಪು. ಬಸಾಲ್ಟ್ ಕಪ್ಪಾಗಿ, ಒತ್ತಾದ ಕಣಗಳಿಂದ ಕೂಡಿ, ಕೈಯಲ್ಲಿ ಹಿಡಿದರೆ ಭಾರವೆನಿಸುವ ಕಲ್ಲು. ಅದರಲ್ಲಿ ಸಿಲಿಕಾ ಸುಮಾರು ಅರ್ಧದಷ್ಟಿರುತ್ತದೆ. ದ್ವೀಪದ ಕಲ್ಲು ಸಿಲಿಕಾ ಹೆಚ್ಚಾಗಿರುವ ಡೇಸೈಟ್ ಮತ್ತು ರಯೋಲೈಟ್ ಜಾತಿಯದು. ಮುಂದಿನ ಸಲ ಹೋದಾಗ ಅಲೆ ತೊಳೆದ ಒಂದು ಕಂಬದ ತಲೆಯ ಬಳಿ ಮಕ್ಕಳನ್ನು ಕೂರಿಸಿ, ಕಣ್ಣು ಹತ್ತಿರ ತಂದು ನೋಡಲು ಹೇಳಿ. ಬೂದು ಬಣ್ಣದ ಹಿನ್ನೆಲೆಯಲ್ಲಿ ಫೆಲ್ಡ್‌ಸ್ಪಾರ್‌ನ ಬಿಳಿಚಿದ ಚಿಕ್ಕ ಹರಳುಗಳು ಬಿಡಿಬಿಡಿಯಾಗಿ ಕಾಣಿಸುತ್ತವೆ. ಲಾವಾ ಹೊರಗೆ ಹರಿಯುವ ಮುನ್ನವೇ, ನೆಲದೊಳಗೆ ನಿಧಾನವಾಗಿ ಬೆಳೆದ ಹರಳುಗಳು ಅವು. ಕಂಬಗಳಾದದ್ದು ಆಮೇಲೆ. ದಪ್ಪ ಲಾವಾ ಆರುತ್ತ ಕುಗ್ಗಿ, ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟು, ಆ ಬಿರುಕುಗಳು ಮೇಲಿನಿಂದ ಕೆಳಕ್ಕೆ ಇಳಿದದ್ದರಿಂದ ಈ ಆಕಾರ ಬಂದಿದೆ. ಹೆಚ್ಚಿನವು ಆರು ಮೂಲೆಯವಾದರೂ ಐದು, ಏಳು ಮೂಲೆಯವೂ ಸಿಗುತ್ತವೆ. (ದಯವಿಟ್ಟು ಸುತ್ತಿಗೆ ಒಯ್ಯಬೇಡಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಕಣ್ಣಿಗೆ ಕಂಡಷ್ಟೇ ಸಾಕು.)

ಇನ್ನು ವಯಸ್ಸು. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಸೇಂಟ್ ಮೇರೀಸ್ ಕಲ್ಲಿನ ವಯಸ್ಸನ್ನು ಬೇರೆ ಬೇರೆ ವಿಧಾನಗಳಿಂದ ಅಳೆದಿದ್ದಾರೆ. ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಸೀಸವಾಗುವುದನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಳತೆ ಸುಮಾರು 9.1 ಕೋಟಿ ವರ್ಷ ಎಂದರೆ, ಪೊಟ್ಯಾಸಿಯಂ ಕೊಳೆತು ಆರ್ಗಾನ್ ಆಗುವುದನ್ನು ಆಧರಿಸಿ 2001ರಲ್ಲಿ ಬಂದ ಅಳತೆ ಸುಮಾರು 8.56 ಕೋಟಿ ವರ್ಷ ಎನ್ನುತ್ತದೆ. ಈ ಅರ್ಧ ಕೋಟಿ ವರ್ಷದ ಅಂತರವನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಈ ಕಲ್ಲು ದಖ್ಖನ್ ಲಾವಾಕ್ಕಿಂತ ಸುಮಾರು ಎರಡು ಕೋಟಿ ವರ್ಷ ಹಳೆಯದು, ಮತ್ತು ಮಡಗಾಸ್ಕರದ ಪೂರ್ವ ಕರಾವಳಿಯಲ್ಲೂ ದಕ್ಷಿಣದಲ್ಲೂ ಹರಡಿರುವ, ಸುಮಾರು 8.8 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿ ಶಿಲೆಗಳ ಕಾಲಕ್ಕೆ ಹೊಂದುವಂಥದ್ದು. ಕರ್ನಾಟಕದ ಒಳನಾಡಿನಲ್ಲಿ ಹಳೆಯ ಬಂಡೆಯನ್ನು ಸೀಳಿಕೊಂಡು ಗೋಡೆಯಂತೆ ಎದ್ದಿರುವ ಕೆಲವು ಕರಿಕಲ್ಲಿನ ಡೈಕ್‌ಗಳೂ ಇದೇ ಕಾಲದವು ಎಂದು ತಿಳಿದುಬಂದಿದೆ. ಅಂದರೆ ಸೀಳು ಒಂದು ದ್ವೀಪಕ್ಕೆ ಸೀಮಿತವಾಗಿರಲಿಲ್ಲ, ನೆಲವೇ ಹಿಗ್ಗಿ ಬಿರಿಯುತ್ತಿತ್ತು.

ಇನ್ನು ಅಚ್ಚಿನ ಕಡೆ ಬರೋಣ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ನೀವು ನೋಡಿರುತ್ತೀರಿ. ಪಟ್ಟೆಪಟ್ಟೆಯಾದ ಆ ನೈಸ್ ಶಿಲೆ ಸುಮಾರು 300 ಕೋಟಿ ವರ್ಷ ಹಳೆಯದು. ಅಂಥ, ಕೆಲವೆಡೆ ಅದಕ್ಕಿಂತಲೂ ಹಳೆಯ ನೈಸ್ ನಮ್ಮ ಪಶ್ಚಿಮ ಕರ್ನಾಟಕದ ತಳಪಾಯ. ಮಡಗಾಸ್ಕರದ ಹೆಚ್ಚಿನ ಭಾಗ ಇದಕ್ಕಿಂತ ಕಿರಿಯ ಶಿಲೆಗಳಿಂದಾಗಿದೆ. ಆದರೆ ಅದರ ಈಶಾನ್ಯ ಅಂಚಿನಲ್ಲಿ, ಆಂಟೊಂಗಿಲ್ ಕೊಲ್ಲಿಯ ಸುತ್ತಮುತ್ತ, 300 ಕೋಟಿ ವರ್ಷ ದಾಟಿದ ನೈಸ್‌ನ ಒಂದು ತುಂಡು ಇದೆ. ಅದು ತನ್ನ ನೆರೆಹೊರೆಗೆ ಹೊಂದುವುದಿಲ್ಲ, ಕಡಲಾಚೆ ನಾಲ್ಕು ಸಾವಿರ ಕಿಲೋಮೀಟರಿಗೂ ದೂರದಲ್ಲಿರುವ ನಮ್ಮ ಕರಾವಳಿಯ ತಳಶಿಲೆಗೆ ಹೊಂದುತ್ತದೆ. ಭೂಪಟದಲ್ಲಿ ಭಾರತವನ್ನು ಹಿಂದಕ್ಕೆ ಸರಿಸಿ, ಮಡಗಾಸ್ಕರದ ಗೆರೆ ಎಳೆದಂತೆ ನೆಟ್ಟಗಿರುವ ಪೂರ್ವ ಕರಾವಳಿಗೆ ತಾಗಿಸಿದರೆ, ಆ ತುಂಡು ಕರ್ನಾಟಕದ ಎದುರಿಗೇ ಬಂದು ಕೂರುತ್ತದೆ. ನನ್ನ ಮಟ್ಟಿಗೆ ಅತ್ಯಂತ ಮನಮುಟ್ಟುವ ಪುರಾವೆ ಇದೇ, ಏಕೆಂದರೆ ಒಡೆಯುವುದಕ್ಕಿಂತ ಎಷ್ಟೋ ಮೊದಲೇ ಒತ್ತಿದ ಅಚ್ಚು ಒಡಕಿನ ಎರಡೂ ಬದಿಗಳಲ್ಲಿ ಉಳಿದಿದೆ.

ಯಾರು ಕೂಡಿಸಿ ನೋಡಿದ್ದಾರೆ ಎಂಬ ಪ್ರಶ್ನೆಗೆ ನೇರ ಉತ್ತರ ಸಮುದ್ರತಳದಲ್ಲಿದೆ. ಭೂಫಲಕಗಳು ಬೇರೆಯಾಗುವ ಕಡೆ ಹೊಸ ಲಾವಾ ಉಕ್ಕಿ ಗಟ್ಟಿಯಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ಕ್ಷೇತ್ರ ಆಗಾಗ ತಿರುಗುಮುರುಗಾಗುವುದರಿಂದ ಸಮುದ್ರತಳದ ಮೇಲೆ ಪಟ್ಟೆಗಳು ಮೂಡುತ್ತವೆ. 1963ರಲ್ಲಿ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ ಈ ಪಟ್ಟೆಗಳ ಅರ್ಥವನ್ನು ಬಿಡಿಸಿಟ್ಟ ಮೇಲೆ, ಸಾಗರ ಅಗಲವಾದ ಬಗೆಯನ್ನು ಹಂತಹಂತವಾಗಿ ಹಿಂದಕ್ಕೆ ಸುತ್ತಿ ನೋಡಲು ಸಾಧ್ಯವಾಯಿತು. ಮಡಗಾಸ್ಕರದ ಪೂರ್ವಕ್ಕಿರುವ ಮಸ್ಕರೀನ್ ತಗ್ಗಿನಲ್ಲಿ ಗುರುತಿಸಲಾಗುವ ಅತಿ ಹಳೆಯ ಪಟ್ಟೆ ಸುಮಾರು 8.3 ಕೋಟಿ ವರ್ಷದ್ದು. ಅದಕ್ಕೂ ಹಿಂದೆ, ಸುಮಾರು 12.1 ಕೋಟಿಯಿಂದ 8.3 ಕೋಟಿ ವರ್ಷದ ನಡುವೆ, ಭೂಕಾಂತ ಕ್ಷೇತ್ರ ತಿರುಗದೆ ಒಂದೇ ಕಡೆ ನಿಂತಿದ್ದರಿಂದ ಆ ಅವಧಿಯ ಸಮುದ್ರತಳದಲ್ಲಿ ಪಟ್ಟೆಗಳೇ ಇಲ್ಲ.

ಇದು ಒಂದು ಕಡೆ ನಷ್ಟವಾದರೆ ಇನ್ನೊಂದು ಕಡೆ ಲಾಭ. ಕಾಂತದ ಮುಳ್ಳನ್ನು ಮೇಲೆ ಕೆಳಗೆ ಆಡಲು ಬಿಟ್ಟರೆ ಅದು ಸಮಭಾಜಕದ ಬಳಿ ಮಟ್ಟಸವಾಗಿ, ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ. ಆದ್ದರಿಂದ ಕಲ್ಲಿನಲ್ಲಿ ಸೆರೆಯಾದ ಕಾಂತತ್ವದ ಬಾಗು ಆ ಕಲ್ಲು ಹುಟ್ಟಿದ ಅಕ್ಷಾಂಶವನ್ನು ಹೇಳುತ್ತದೆ. ಸಾಮಾನ್ಯವಾಗಿ, ಕ್ಷೇತ್ರ ಆಗ ಯಾವ ಕಡೆಗಿತ್ತು ಎಂಬುದು ತಿಳಿಯದಿದ್ದರೆ ಉತ್ತರಾರ್ಧವೋ ದಕ್ಷಿಣಾರ್ಧವೋ ಎಂಬ ಗೊಂದಲ ಉಳಿಯುತ್ತದೆ. ನಮ್ಮ ದ್ವೀಪದ ಕಲ್ಲು ಆ ತಿರುಗದ ಅವಧಿಯಲ್ಲಿ ಹುಟ್ಟಿದ್ದು, ಹಾಗಾಗಿ ಗೊಂದಲವಿಲ್ಲ. ಇಂದು 13 ಡಿಗ್ರಿ ಉತ್ತರದಲ್ಲಿರುವ ಆ ಕಂಬಗಳು ಗಟ್ಟಿಯಾದಾಗ ಸಮಭಾಜಕದ ದಕ್ಷಿಣಕ್ಕೆ, ಬಹಳ ದೂರದಲ್ಲಿ ಇದ್ದವು.

ಉತ್ತರ 2: ಸಹ್ಯಾದ್ರಿಯ ಕಪ್ಪೆಗಳ ಅಧ್ಯಯನ ಮಾಡುವವನು

ಸರ್ ಕಲ್ಲಿನ ಸಾಕ್ಷ್ಯವನ್ನು ವಿವರಿಸಿದ್ದಾರೆ. ಜೀವಿಗಳ ಸಾಕ್ಷ್ಯವನ್ನು ಸೇರಿಸುವುದು ನನ್ನ ಉದ್ದೇಶ, ಆದರೆ ಇಲ್ಲಿ ಎಚ್ಚರಿಕೆ ಹೆಚ್ಚು ಬೇಕು.

ಭಾರತ ಮಡಗಾಸ್ಕರದಿಂದ ಬಿಡಿಸಿಕೊಂಡಾಗ ಸೆಶೆಲ್ಸ್ ನಮ್ಮ ಜೊತೆಗೇ ಹೊರಟಿತು. ಅದು ಕಳಚಿಕೊಂಡದ್ದು ದಖ್ಖನ್ ಲಾವಾದ ಆಸುಪಾಸಿನಲ್ಲಿ, ಅಂದರೆ ಸುಮಾರು 6.3 ಕೋಟಿ ವರ್ಷಗಳ ಹಿಂದೆ. ಸೆಶೆಲ್ಸ್‌ನ ಮುಖ್ಯ ದ್ವೀಪಗಳು ಹವಳದವಲ್ಲ, ನಡುಸಾಗರದಲ್ಲಿ ನಿಂತ ಗ್ರಾನೈಟ್ ಬಂಡೆಗಳು. ಸುಮಾರು 75 ಕೋಟಿ ವರ್ಷದ ಆ ಬಂಡೆಗಳಿಗೆ ಸರಿಸಮ ವಯಸ್ಸಿನ ಶಿಲೆಗಳು ರಾಜಸ್ಥಾನದ ಜೋಧಪುರದ ಸುತ್ತ ಇವೆ. 2003ರಲ್ಲಿ ಕೇರಳದ ಇಡುಕ್ಕಿಯಿಂದ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸುಯ್ಟ್ ವಿವರಿಸಿದ ನೇರಳೆ ಕಪ್ಪೆಯ ಸುದ್ದಿಯನ್ನು ಅನೇಕರು ಓದಿರಬಹುದು. ವರ್ಷದ ಬಹುಪಾಲು ಮಣ್ಣಿನಡಿಯಲ್ಲಿದ್ದು, ಮಳೆ ಹಿಡಿದಾಗ ಕೆಲವೇ ದಿನ ಸಂತಾನಕ್ಕಾಗಿ ಮೇಲೆ ಬರುವ ಈ ಊದಿದ ದೇಹದ, ಚೂಪು ಮೂತಿಯ ಕಪ್ಪೆಗೆ ತನ್ನ ಕುಲದ ಆಚೆ ಭಾರತದಲ್ಲಿ ಹತ್ತಿರದ ಬಂಧುಗಳೇ ಇಲ್ಲ. ವಂಶವಾಹಿಗಳ ಪ್ರಕಾರ ಅದರ ಬಳಗ ಇರುವುದು ಸೆಶೆಲ್ಸ್‌ನ ಪುಟ್ಟ ಕಪ್ಪೆಗಳಲ್ಲಿ.

ನಮ್ಮ ಕರಾವಳಿಯಲ್ಲಿಯೇ ಇನ್ನೊಂದು ಉದಾಹರಣೆ ಇದೆ, ಮಕ್ಕಳಿಗೆ ಅದು ಹೆಚ್ಚು ಹತ್ತಿರವಾದೀತು. ಮಳೆಗಾಲದಲ್ಲಿ ಅಡಿಕೆ ತೋಟದ ಬುಡ ಬಿಡಿಸುವಾಗ, ಗೊಬ್ಬರದ ಗುಂಡಿ ಕೆದಕುವಾಗ, ಉಂಗುರ ಉಂಗುರವಾದ ಮೈಯ, ಕಾಲಿಲ್ಲದ, ಎರೆಹುಳವೆಂದರೆ ದೊಡ್ಡದೆನಿಸುವ, ಹಾವೆಂದರೆ ಚಿಕ್ಕದೆನಿಸುವ ಪ್ರಾಣಿಯೊಂದು ಹೊರಳಿ ಬರುತ್ತದೆ. ಹಾವಿನ ಮರಿಯೆಂದು ಜನ ಕೊಂದುಬಿಡುತ್ತಾರೆ. ಅದು ಹಾವೂ ಅಲ್ಲ, ಹುಳವೂ ಅಲ್ಲ, ಕಪ್ಪೆಯ ದಾಯಾದಿಯಾದ ಸಿಸಿಲಿಯನ್ ಎಂಬ ಉಭಯವಾಸಿ, ಮನುಷ್ಯನಿಗೆ ಯಾವ ಅಪಾಯವನ್ನೂ ಮಾಡದ ಜೀವಿ. ಅದರ ಗೆಗೆನಿಯೋಫಿಸ್ ಎಂಬ ಕುಲದ ಒಂದು ಪ್ರಭೇದ ಮೊದಲು ದೊರೆತದ್ದು ಮಂಗಳೂರಿನ ಬಳಿಯ ಗುರುಪುರದಲ್ಲಿ, ಇನ್ನೊಂದು ನಿಮ್ಮ ಕುಂದಾಪುರ ಸೀಮೆಯ ಮುದೂರಿನಲ್ಲಿ. ಈ ಕುಲದ ಹತ್ತಿರದ ನೆಂಟರು ಸೆಶೆಲ್ಸ್‌ನಲ್ಲಿದ್ದಾರೆ. ತೇವದ ಬರಿ ಚರ್ಮದ ಈ ಪ್ರಾಣಿಗಳಿಗೆ ಉಪ್ಪುನೀರು ಸಾಮಾನ್ಯವಾಗಿ ಮಾರಕವಾದ್ದರಿಂದ, ಅವು ಸಾಗರ ದಾಟಿದವು ಎನ್ನುವುದಕ್ಕಿಂತ ನೆಲದೊಂದಿಗೇ ಸಾಗಿ ಬಂದವು ಎನ್ನುವುದು ಹೆಚ್ಚು ಸರಳವಾದ ವಿವರಣೆ.

ಮಡಗಾಸ್ಕರದ ಮರವಾಸಿ ಸಸ್ತನಿಗಳಾದ ಲೆಮೂರ್‌ಗಳ ಕಥೆ ಹೀಗಲ್ಲ. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರ್ 1864ರಲ್ಲಿ ಲೆಮೂರಿಯಾ ಎಂಬ ಹೆಸರನ್ನು ಮುಂದಿಟ್ಟದ್ದು, ಮಡಗಾಸ್ಕರದಲ್ಲಿ ಲೆಮೂರ್‌ಗಳೂ ಭಾರತದಲ್ಲಿ ಅವುಗಳ ಬಂಧುವಾದ ಕಾಡುಪಾಪವೂ ಇರುವುದನ್ನು ವಿವರಿಸುವುದಕ್ಕಾಗಿ. ತುಮಕೂರಿನ ಕಡೆ ಇಂದಿಗೂ ಕಾಣಸಿಗುವ ಕಾಡುಪಾಪವೇ ಒಂದು ಕಲ್ಪಿತ ಭೂಖಂಡಕ್ಕೆ ಕಾರಣಗಳಲ್ಲಿ ಒಂದಾಯಿತು. ಆದರೆ ಲೆಮೂರ್‌ಗಳ ಪೂರ್ವಜರು ಮಡಗಾಸ್ಕರವನ್ನು ತಲುಪಿದ್ದು ಸುಮಾರು 5ರಿಂದ 6 ಕೋಟಿ ವರ್ಷಗಳ ಹಿಂದೆ, ಅಂದರೆ ಅದು ಆಫ್ರಿಕಾದಿಂದಲೂ ಭಾರತದಿಂದಲೂ ದೂರವಾದ ಮೇಲೆ. ನೆರೆಯಲ್ಲಿ ಕೊಚ್ಚಿಬಂದ ಮರಗಳ ರಾಶಿಯನ್ನೇರಿ ಆಫ್ರಿಕಾದಿಂದ ಕಡಲು ದಾಟಿದವು ಎಂಬುದು ಇಂದಿನ ಒಪ್ಪಿತ ವಿವರಣೆ. ಎರಡು ನೆಲಗಳಲ್ಲಿ ಒಂದೇ ಬಳಗದ ಪ್ರಾಣಿ ಇದ್ದರೆ ಸಾಲದು, ಆ ಬಳಗ ಕವಲೊಡೆದ ಕಾಲವೂ ನೆಲ ಒಡೆದ ಕಾಲವೂ ತಾಳೆಯಾಗಬೇಕು.

ಉತ್ತರ 3: ಹಾವೇರಿಯ ಓದುಗ

ಇಬ್ಬರು ಹಿರಿಯರೂ ಬಹಳ ಚೆನ್ನಾಗಿ ತಿಳಿಸಿದ್ದೀರಿ. ನನ್ನದೊಂದು ಸೇರ್ಪಡೆ. ನಮ್ಮ ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಹಲವರು ಕೈ ಹಿಡಿದು ಸುತ್ತುವರಿದರೂ ಸಾಲದಷ್ಟು ದಪ್ಪನೆಯ ದೊಡ್ಡಹುಣಸೆ ಮರಗಳಿವೆ. ಇವುಗಳ ಜಾತಿಯ ಬಾವೊಬಾಬ್ ಮರಗಳು ಆಫ್ರಿಕಾದಲ್ಲಿ, ಮಡಗಾಸ್ಕರದಲ್ಲಿ, ಆಸ್ಟ್ರೇಲಿಯಾದಲ್ಲಿ ಮಾತ್ರ ಸಹಜವಾಗಿ ಬೆಳೆಯುತ್ತವೆ ಎಂದು ಓದಿದ್ದೇನೆ. ಈ ನೆಲಗಳೆಲ್ಲವೂ ಗೊಂಡ್ವಾನದ, ಅಂದರೆ ದಕ್ಷಿಣದ ಭೂಖಂಡಗಳೂ ಭಾರತವೂ ಒಂದಾಗಿದ್ದ ಹಳೆಯ ಮಹಾಖಂಡದ, ತುಂಡುಗಳೇ ಆಗಿರುವಾಗ, ಸವಣೂರಿನ ಮರಗಳನ್ನು ಆ ಹಳೆಯ ಕೂಡುನೆಲದ ಜೀವಂತ ಸಾಕ್ಷಿ ಎಂದು ಕರೆಯಬಹುದಲ್ಲವೇ?

ಉತ್ತರ 4: ಸಹ್ಯಾದ್ರಿಯ ಕಪ್ಪೆಗಳ ಅಧ್ಯಯನ ಮಾಡುವವನು

ಆ ಮರಗಳ ಕೆಳಗೆ ನಾನೂ ನಿಂತಿದ್ದೇನೆ. ಅಂಥ ಮರಗಳಿಗೆ ಅಷ್ಟೇ ದೊಡ್ಡ ಕಥೆ ಇರಬೇಕು ಎನಿಸುವುದು ಸಹಜ. ಆದರೂ ಉತ್ತರ, ಕರೆಯಬಾರದು ಎಂದೇ. ಸವಣೂರಿನ ಮರಗಳು ಆಫ್ರಿಕಾ ಮುಖ್ಯಭೂಮಿಯ ಪ್ರಭೇದಕ್ಕೇ ಸೇರಿದವು. ಒಂಬತ್ತು ಕೋಟಿ ವರ್ಷಗಳಿಂದ ಬೇರೆಯಾಗಿ ಬೆಳೆದಿದ್ದರೆ ಇಷ್ಟರಲ್ಲಿ ಅವು ಗುರುತು ಸಿಗದಷ್ಟು ಬೇರೆಯಾಗಿರಬೇಕಿತ್ತು. ಭಾರತದ ಬಾವೊಬಾಬ್‌ಗಳ ವಂಶವಾಹಿಗಳನ್ನು ಆಫ್ರಿಕಾದ ಮರಗಳೊಂದಿಗೆ ಹೋಲಿಸಿದಾಗ, ಅವು ಕೆಲವು ಶತಮಾನಗಳ ಹಿಂದೆ ಕಡಲ ವ್ಯಾಪಾರದ ಹಾದಿಯಲ್ಲಿ ಜನರ ಜೊತೆ ಬಂದವು ಎಂಬುದು ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯಾದ ಬಾವೊಬಾಬ್ ಕೂಡ ಗೊಂಡ್ವಾನ ಒಡೆದ ಎಷ್ಟೋ ಕಾಲದ ಮೇಲೆ ಕವಲೊಡೆದದ್ದು. ಗಟ್ಟಿ ಸಿಪ್ಪೆಯ ಕಾಯಿ ನೀರಿನಲ್ಲಿ ತೇಲುವುದರಿಂದ ಅದು ಕಡಲ ಹಾದಿಯಲ್ಲೇ ಹೋಗಿರಬೇಕು. ಸವಣೂರಿನ ಮರಗಳು ಮನುಷ್ಯರ ಸಂಪರ್ಕದ ಸಾಕ್ಷಿ, ಅದೂ ಅಮೂಲ್ಯವಾದದ್ದೇ.

ಗೊಂಡ್ವಾನಕ್ಕೆ ಸಸ್ಯಸಾಕ್ಷಿ ಬೇಕೆಂದರೆ ಗ್ಲಾಸೊಪ್ಟೆರಿಸ್ ಇದೆ. ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ಎಲ್ಲೆಡೆಯ ಕಲ್ಲಿದ್ದಲ ಪದರಗಳಲ್ಲಿ ನಾಲಗೆಯಾಕಾರದ ಇದರ ಎಲೆಗಳ ಅಚ್ಚು ಸಿಗುತ್ತದೆ. ದಕ್ಷಿಣ ಧ್ರುವದಿಂದ ಹಿಂದಿರುಗುತ್ತ 1912ರಲ್ಲಿ ಹಿಮದಲ್ಲಿ ಪ್ರಾಣ ಬಿಟ್ಟ ಸ್ಕಾಟ್ ಮತ್ತು ಸಂಗಡಿಗರು, ಕೈಕಾಲು ಸೋತ ಸ್ಥಿತಿಯಲ್ಲಿಯೂ ಎಸೆಯದೆ ಎಳೆದು ತಂದ ಸುಮಾರು 16 ಕಿಲೋ ಕಲ್ಲುಗಳಲ್ಲಿ ಇದೇ ಎಲೆಯ ಪಳೆಯುಳಿಕೆ ಇತ್ತು.

ಮರುಪ್ರಶ್ನೆ: ಕುಂದಾಪುರದ ಶಿಕ್ಷಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಿಸಿಲಿಯನ್ ವಿಚಾರ ಓದಿದಾಗ ಬೇಸರವೂ ಆಯಿತು, ನಮ್ಮ ತೋಟದಲ್ಲಿ ಅವನ್ನು ಕೊಂದದ್ದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಒಂದು ಸಂದೇಹ ಮಾತ್ರ ಉಳಿದಿದೆ. ನೆಲ ಸರಿಯಿತು ಎನ್ನುವ ಬದಲು ನಡುವಿನ ನೆಲ ಮುಳುಗಿತು ಎಂದರೆ ಏಕೆ ಆಗದು? ಮಾರಿಷಸ್ ಕೆಳಗೆ ಕಳೆದುಹೋದ ಭೂಖಂಡ ಸಿಕ್ಕಿದೆ ಎಂದು ಪತ್ರಿಕೆಗಳಲ್ಲಿಯೂ ಬಂದಿತ್ತಲ್ಲ.

ಉತ್ತರ 5: ನಿವೃತ್ತ ಭೂವಿಜ್ಞಾನಿ, ಧಾರವಾಡ

ಭೂಖಂಡಗಳು ಸರಿಯುತ್ತವೆ ಎಂದು ಆಲ್‌ಫ್ರೆಡ್ ವೆಗನರ್ 1912ರಲ್ಲಿ ಹೇಳುವ ಮುನ್ನ, ಹೇಳಿದ ಮೇಲೂ ಅನೇಕ ವರ್ಷ, ಹೆಚ್ಚಿನ ಭೂವಿಜ್ಞಾನಿಗಳು ಮುಳುಗಿದ ಭೂಸೇತುವೆಗಳನ್ನೇ ನಂಬಿದ್ದರು. ಆ ನಂಬಿಕೆ ಬಿದ್ದುಹೋದದ್ದು ತೂಕದ ಲೆಕ್ಕದಲ್ಲಿ. ಭೂಖಂಡದ ಚಿಪ್ಪು ಗ್ರಾನೈಟ್ ಜಾತಿಯದು, ಹಗುರ, ಸಾಮಾನ್ಯವಾಗಿ 35ರಿಂದ 40 ಕಿಲೋಮೀಟರ್ ದಪ್ಪ. ಸಾಗರತಳದ ಚಿಪ್ಪು ಬಸಾಲ್ಟಿನದು, ಭಾರ, ಸುಮಾರು 7 ಕಿಲೋಮೀಟರ್ ದಪ್ಪ. ನೀರಿನ ಮೇಲಿನ ಮರದ ದಿಮ್ಮಿಯಂತೆ ಭೂಖಂಡ ತನ್ನ ಕೆಳಗಿನ ಭಾರವಾದ ಪದರದ ಮೇಲೆ ತೇಲುತ್ತದೆ. ಅದನ್ನು ನಾಲ್ಕು ಕಿಲೋಮೀಟರ್ ಆಳಕ್ಕೆ ಅದುಮಿಡುವ ಶಕ್ತಿ ಇಲ್ಲ. ಹಿಂದೂ ಮಹಾಸಾಗರದ ತಳವನ್ನು ಕೊರೆದು, ಕಂಪನ ಅಲೆಗಳಿಂದ ಅಳೆದು ನೋಡಿದಾಗ ಹೆಚ್ಚಿನ ಕಡೆ ಸಿಕ್ಕಿದ್ದು ತೆಳುವಾದ ಬಸಾಲ್ಟ್ ಚಿಪ್ಪೇ.

ಮಾರಿಷಸ್ ಸುದ್ದಿಯಲ್ಲಿ ಸತ್ಯವಿದೆ, ಶೀರ್ಷಿಕೆ ಮಾತ್ರ ದೊಡ್ಡದಾಯಿತು. ಮಾರಿಷಸ್‌ನ ಲಾವಾ 90 ಲಕ್ಷ ವರ್ಷಕ್ಕಿಂತ ಹಳೆಯದಲ್ಲ. ಆದರೆ ಅಲ್ಲಿನ ಒಂದು ಶಿಲೆಯೊಳಗೆ ಸುಮಾರು 300 ಕೋಟಿ ವರ್ಷದ ಜಿರ್ಕಾನ್ ಕಣಗಳು ಸಿಕ್ಕವು ಎಂದು 2017ರಲ್ಲಿ ಪ್ರಕಟವಾಯಿತು. ಮೇಲೇರಿ ಬರುವ ಶಿಲಾಪಾಕ ದಾರಿಯಲ್ಲಿದ್ದ ಹಳೆಯ ಭೂಖಂಡದ ಚೂರಿನಿಂದ ಅವನ್ನು ಎತ್ತಿಕೊಂಡು ಬಂದಿದೆ. ಭಾರತ ಮತ್ತು ಮಡಗಾಸ್ಕರ ಎಳೆದಾಡಿ ಬೇರೆಯಾಗುವಾಗ ನಡುವೆ ಹಿಗ್ಗಿ ತೆಳುವಾಗಿ ಉಳಿದ ಚೂರು ಅದು. ಹಿಗ್ಗಿ ತೆಳುವಾದದ್ದರಿಂದಲೇ ಅದು ತಗ್ಗಿಗಿಳಿದು ಲಾವಾದಡಿ ಸೇರಿತು. ಮನುಷ್ಯರು ಹುಟ್ಟುವುದಕ್ಕಿಂತ ಕೋಟಿಗಟ್ಟಲೆ ವರ್ಷ ಮೊದಲಿನ ಈ ಚೂರಿಗೂ, ಜನ ಬದುಕಿದ್ದ ಮುಳುಗಿದ ನಾಡಿನ ಕಥೆಗೂ ಯಾವ ಸಂಬಂಧವೂ ಇಲ್ಲ.

ನೆಲದ ಮೇಲೆ ನೀರು ಬಂದು ಸಂಪರ್ಕ ತಪ್ಪಿದ ಪ್ರಸಂಗಗಳೂ ನಿಜವಾಗಿ ಇವೆ. ಆದರೆ ಅವು ಆಳವಿಲ್ಲದ ಖಂಡಾವರಣ ಪ್ರದೇಶಕ್ಕೆ ಸೀಮಿತ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಶ್ರೀಲಂಕಾ ಭಾರತಕ್ಕೆ ನೆಲದಿಂದಲೇ ಕೂಡಿತ್ತು. ನೀವು ಮಕ್ಕಳೊಂದಿಗೆ ದೋಣಿಯಲ್ಲಿ ದಾಟಿದ ಮಲ್ಪೆಯ ಆ ಕೆಲವು ಕಿಲೋಮೀಟರ್ ನೀರೂ ಆಗ ಇರಲಿಲ್ಲ. ಸೇಂಟ್ ಮೇರೀಸ್ ಆಗ ದ್ವೀಪವಲ್ಲ, ದಡದಿಂದ ನಡೆದುಹೋಗಬಹುದಾಗಿದ್ದ ಒಂದು ಕಲ್ಲುಗುಡ್ಡ, ಕಡಲು ಅಲ್ಲಿಂದಲೂ ಎಷ್ಟೋ ದೂರ ಪಶ್ಚಿಮಕ್ಕಿತ್ತು. ಹುಡುಗನಿಗೆ ಉತ್ತರ ಹೇಳುವಾಗ, ಆ ಕಂಬಗಳು ಎರಡು ಬಗೆಯ ಅಗಲಿಕೆಯನ್ನು ಕಂಡಿವೆ ಎಂದು ಹೇಳಿ. ಮಡಗಾಸ್ಕರದಿಂದ ಬೇರೆಯಾದದ್ದು ನೆಲ ಸೀಳಿ ಸರಿದದ್ದರಿಂದ, ಮಲ್ಪೆಯಿಂದ ಬೇರೆಯಾದದ್ದು ನೀರು ಏರಿದ್ದರಿಂದ. ಒಡೆದ ಹೆಂಚೊಂದನ್ನು, ಬೆನ್ನ ಮೇಲೆ ಅಚ್ಚು ಇರುವಂಥದ್ದನ್ನು, ಅವನ ಕೈಯಲ್ಲೇ ತರಿಸಿ ತರಗತಿಯಲ್ಲಿ ಕೂಡಿಸಿ ತೋರಿಸಲು ಹೇಳಿದರೆ ಇನ್ನೂ ಒಳ್ಳೆಯದು.